ಗೋಮುಖದ ದಾರಿಯಲ್ಲಿ ಹಿಮನದಿಯ ಕೆಲಸವನ್ನು ಗುರುತಿಸುವುದು ಹೇಗೆ

ಉತ್ತರಾಖಂಡದ ಗಂಗೋತ್ರಿಯಿಂದ, ಗಂಗೋತ್ರಿ ಹಿಮನದಿಯ ತುದಿಯಾದ ಗೋಮುಖದವರೆಗಿನ ಸುಮಾರು 18 ಕಿಲೋಮೀಟರ್ ಕಾಲುದಾರಿಯಲ್ಲಿ ನಡೆಯುವ ಯಾತ್ರಿಕರಲ್ಲೂ ಚಾರಣಿಗರಲ್ಲೂ ಕರ್ನಾಟಕದವರು ಇದ್ದೇ ಇರುತ್ತಾರೆ. ಹೆಚ್ಚಿನವರು ದಾರಿಯ ಕೊನೆಯಲ್ಲಿರುವ ಮಂಜುಗಡ್ಡೆಯ ಗೋಡೆಯನ್ನು ಕಂಡು, ಭಾಗೀರಥಿಯ ನೀರನ್ನು ತುಂಬಿಕೊಂಡು ಮರಳುತ್ತಾರೆ. ಆ ಗೋಡೆ ನೋಡತಕ್ಕದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀವಂತ ಹಿಮನದಿಯೊಂದು ನೆಲವನ್ನು ಹೇಗೆ ಕೊರೆಯುತ್ತದೆ, ಕೊರೆದುದನ್ನು ಹೇಗೆ ಸಾಗಿಸುತ್ತದೆ, ಸಾಗಿಸಿದುದನ್ನು ಎಲ್ಲಿ ಸುರಿಯುತ್ತದೆ ಎಂಬುದೆಲ್ಲ ಆ ಗೋಡೆಗಿಂತ ಬಹಳ ಮುಂಚೆಯೇ, ದಾರಿಯ ಎರಡೂ ಬದಿಯಲ್ಲಿ ಕಾಣಸಿಗುತ್ತದೆ. ಭೂಗೋಳದ ಪಾಠದಲ್ಲಿ ಚಿತ್ರ ಬರೆದು ಕಲಿತ ‘ಯು’ ಆಕಾರದ ಕಣಿವೆ, ತೂಗು ಕಣಿವೆ, ಮೊರೇನ್ (ಹಿಮನದಿ ತಂದು ಬಿಟ್ಟ ಕಲ್ಲುಮಣ್ಣಿನ ರಾಶಿ), ಕೊಂಬಿನಂಥ ಶಿಖರ ಇವೆಲ್ಲವನ್ನೂ ಒಂದೇ ನಡಿಗೆಯಲ್ಲಿ ನೋಡಬಹುದಾದ ಇಷ್ಟು ಸುಲಭದ ಜಾಗ ನಮ್ಮ ದೇಶದಲ್ಲಿ ವಿರಳ. ಅವುಗಳನ್ನು ಯಾವ ಕ್ರಮದಲ್ಲಿ ನೋಡಬೇಕು, ನೋಡಿದ್ದನ್ನು ಹೇಗೆ ಖಚಿತಪಡಿಸಿಕೊಳ್ಳಬೇಕು, ಎಲ್ಲಿ ಮೋಸಹೋಗುವ ಸಂಭವವಿದೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹಿಮಾಲಯದಲ್ಲಿ ಕಾಣುವ ಪ್ರತಿಯೊಂದು ಕಲ್ಲುರಾಶಿಯೂ ಹಿಮನದಿಯದಲ್ಲ. ನದಿ, ಭೂಕುಸಿತ, ಬಂಡೆಯ ಬಿರುಕಿನಲ್ಲಿ ಹೆಪ್ಪುಗಟ್ಟಿ ಕಲ್ಲನ್ನು ಒಡೆಯುವ ನೀರು, ಈ ಮೂರೂ ಅದೇ ಕಣಿವೆಯಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಅವುಗಳ ಕೆಲಸವನ್ನು ಬೇರ್ಪಡಿಸಿದ ಮೇಲೆ ಉಳಿಯುವುದೇ ಹಿಮನದಿಯ ಕೆಲಸ. ಆದ್ದರಿಂದ ಪ್ರತಿ ತಾಣದಲ್ಲೂ ನಿಂತು ಇಲ್ಲಿನ ಕಲ್ಲುಗಳು ಯಾವ ಗಾತ್ರದವು, ಅವುಗಳ ಅಂಚು ಹೇಗಿದೆ, ಅವು ಯಾವ ಬೆಟ್ಟದಿಂದ ಬಂದವು ಎಂದು ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಉಳಿದುದೆಲ್ಲ ತಾನಾಗಿ ತಿಳಿಯುತ್ತ ಹೋಗುತ್ತದೆ.

ಹೊರಡುವ ಮುನ್ನ

ನೆಲದ ರೂಪಗಳನ್ನು ನೋಡುವುದೇ ಉದ್ದೇಶವಾದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಅವಧಿಯನ್ನು ಆರಿಸಿಕೊಳ್ಳುವುದು ಉತ್ತಮ. ಮೇ ತಿಂಗಳಲ್ಲಿ ಚಳಿಗಾಲದ ಹಿಮ ಪೂರ್ತಿ ಕರಗಿರುವುದಿಲ್ಲವಾದ್ದರಿಂದ ದಿಬ್ಬಗಳೂ ಬಂಡೆಯ ಮೇಲಿನ ಗೀರುಗಳೂ ಮುಚ್ಚಿಹೋಗಿರುತ್ತವೆ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮಳೆ, ಮೋಡ, ರಸ್ತೆಯ ಮೇಲಿನ ಕುಸಿತ ಇವು ದಾರಿಯನ್ನೂ ನೋಟವನ್ನೂ ಕೆಡಿಸುತ್ತವೆ. ಮಳೆಗಾಲ ಮುಗಿದ ಮೇಲೆ ಗಾಳಿ ತಿಳಿಯಾಗಿರುತ್ತದೆ, ಆ ವರ್ಷದ ಹಿಮ ಕರಗಿ ಮುಗಿದು, ಎತ್ತರದಲ್ಲಿ ಕರಗದೆ ಉಳಿಯುವ ಹಿಮ ಯಾವುದೆಂಬುದೂ ಸ್ಪಷ್ಟವಾಗಿರುತ್ತದೆ.

ಈ ದಾರಿ ಗಂಗೋತ್ರಿ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುವುದರಿಂದ ಅರಣ್ಯ ಇಲಾಖೆಯ ಅನುಮತಿ ಪತ್ರ ಕಡ್ಡಾಯ. ದಿನಕ್ಕೆ 150 ಜನರನ್ನು ಮಾತ್ರ ಒಳಗೆ ಬಿಡುವ ನಿಯಮವಿರುವುದರಿಂದ ಮುಂಚಿತವಾಗಿಯೇ ಪಡೆದುಕೊಳ್ಳಬೇಕು. ಗಂಗೋತ್ರಿ ಸುಮಾರು 3,100 ಮೀಟರ್ ಎತ್ತರದಲ್ಲಿದೆ, ರಾತ್ರಿ ತಂಗುವ ಭೋಜಬಾಸಾ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಬಯಲುಸೀಮೆಯಿಂದಲೋ ಕರಾವಳಿಯಿಂದಲೋ ಹೋದವರು ಗಂಗೋತ್ರಿಯಲ್ಲಿ ಒಂದು ಪೂರ್ತಿ ದಿನ ಇದ್ದು ಆ ಗಾಳಿಗೆ ದೇಹವನ್ನು ಒಗ್ಗಿಸಿಕೊಂಡೇ ಮುಂದುವರಿಯಬೇಕು. ತಲೆನೋವು, ವಾಕರಿಕೆ, ನಡಿಗೆಯಲ್ಲಿ ತೂರಾಟ ಕಾಣಿಸಿಕೊಂಡರೆ ಯಾವ ನೋಟಕ್ಕೂ ಆಸೆಪಡದೆ ಕೆಳಗಿಳಿಯಬೇಕು.

ಸಲಕರಣೆ ಹೆಚ್ಚೇನೂ ಬೇಡ. ದಿಕ್ಸೂಚಿ, ಕೈಯಲ್ಲಿ ಹಿಡಿಯುವ ಭೂತಗನ್ನಡಿ, ಬಣ್ಣವಿಲ್ಲದ ಪಾರದರ್ಶಕ ನೀರಿನ ಶೀಸೆ, ಟಿಪ್ಪಣಿ ಪುಸ್ತಕ ಮತ್ತು ಪೆನ್ಸಿಲ್ ಇದ್ದರೆ ಸಾಕು. ಇವುಗಳಿಗಿಂತ ಮುಖ್ಯವಾದುದು ಮನೆಯಲ್ಲೇ ಕುಳಿತು ಮಾಡಬೇಕಾದ ಕೆಲಸ: ಗೂಗಲ್ ಅರ್ಥ್‌ನಲ್ಲೋ ಇಸ್ರೋದ ಭುವನ್‌ನಲ್ಲೋ ಗೋಮುಖವನ್ನು ಹುಡುಕಿ, ಅಲ್ಲಿಂದ ಆಗ್ನೇಯ ದಿಕ್ಕಿಗೆ ಕಣ್ಣು ಹಾಯಿಸುತ್ತ ಚೌಖಂಬಾ ಶಿಖರಗಳವರೆಗೆ ಹೋಗಬೇಕು. ಆ ಶಿಖರಗಳ ಬುಡದಿಂದ ಗೋಮುಖದವರೆಗೆ ಸುಮಾರು 30 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಪಟ್ಟಿಯೇ ಗಂಗೋತ್ರಿ ಹಿಮನದಿ. ಮೇಲ್ಭಾಗದಲ್ಲಿ ಅದು ಬೆಳ್ಳಗಿದ್ದು, ಕೆಳಗೆ ಬಂದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದಿಂದ ಕೀರ್ತಿ, ಸ್ವಚ್ಛಂದ, ಘನೋಹಿಮ ಮೊದಲಾದ ಉಪಹಿಮನದಿಗಳು ಬಂದು ಸೇರುವುದನ್ನೂ, ಸೇರಿದ ಜಾಗದಿಂದ ಕಲ್ಲಿನ ಗೆರೆಗಳು ಹೊರಟು ಮುಖ್ಯ ಹಿಮನದಿಯ ಉದ್ದಕ್ಕೂ ಸಾಗುವುದನ್ನೂ ಗಮನಿಸಿ. ಎರಡು ಹಿಮನದಿಗಳು ಕೂಡಿದಾಗ ಅವುಗಳ ಅಂಚಿನ ಕಲ್ಲುಸಾಲುಗಳು ಒಂದಾಗಿ ನಡುವಿನ ಗೆರೆಯಾಗುತ್ತವೆ. ಇದಕ್ಕೆ ಮಧ್ಯ ಮೊರೇನ್ ಎನ್ನುತ್ತಾರೆ. ನೆಲದ ಮೇಲೆ ನಿಂತಾಗ ಇದು ಬರಿಯ ಕಲ್ಲಿನ ಏರಿಯಂತೆ ಕಂಡು ಅದರ ಅರ್ಥವೇ ಹೊಳೆಯುವುದಿಲ್ಲವಾದ್ದರಿಂದ ಮೇಲಿನಿಂದ ಒಮ್ಮೆ ನೋಡಿಕೊಂಡೇ ಹೋಗಬೇಕು.

ಮಂಜುಗಡ್ಡೆ ಹರಿಯುವ ಬಗೆ

ವರ್ಷ ವರ್ಷ ಬೀಳುವ ಹಿಮ ಕರಗದೆ ಒಂದರ ಮೇಲೊಂದು ಪದರವಾಗಿ ಕೂತು, ಮೇಲಿನ ಭಾರಕ್ಕೆ ಕೆಳಗಿನದು ಗಾಳಿಯನ್ನು ಹೊರಹಾಕುತ್ತ ಗಟ್ಟಿಯಾಗಿ, ಕೊನೆಗೆ ಮಂಜುಗಡ್ಡೆಯಾಗುತ್ತದೆ. ಅದರ ದಪ್ಪ ಕೆಲವು ಹತ್ತು ಮೀಟರುಗಳನ್ನು ದಾಟಿದಾಗ ತನ್ನದೇ ಭಾರಕ್ಕೆ ಒಳಗೊಳಗೇ ರೂಪಗೆಟ್ಟು ಇಳಿಜಾರಿನತ್ತ ಜೋನಿಬೆಲ್ಲದಂತೆ ಸರಿಯತೊಡಗುತ್ತದೆ. ತಳದಲ್ಲಿ ನೀರಿನ ತೆಳುಪದರವಿದ್ದರೆ ಇಡೀ ಹಿಮನದಿ ಬಂಡೆಯ ಮೇಲೆ ಜಾರುವುದೂ ಉಂಟು. ಮೇಲ್ಮೈಯ ಮಂಜುಗಡ್ಡೆಗೆ ಮಾತ್ರ ಅಷ್ಟು ಒತ್ತಡವಿಲ್ಲದ ಕಾರಣ ಅದು ಬಾಗಲಾರದೆ ಒಡೆಯುತ್ತದೆ. ಹಿಮನದಿಯ ಮೇಲೆ ಕಾಣುವ ಆಳವಾದ ಬಿರುಕುಗಳಿಗೆ ಇದೇ ಕಾರಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉಪಗ್ರಹ ಚಿತ್ರಗಳಿಂದ ಗಂಗೋತ್ರಿ ಹಿಮನದಿಯ ಮೇಲ್ಮೈ ವೇಗವನ್ನು ಲೆಕ್ಕಹಾಕಿ, ಅದರಿಂದ ಮಂಜುಗಡ್ಡೆಯ ದಪ್ಪವನ್ನು ಅಂದಾಜು ಮಾಡಿ 2014ರಲ್ಲಿ ಪ್ರಕಟಿಸಿದರು. ಮೇಲ್ಭಾಗದಲ್ಲಿ ದಪ್ಪ ಸುಮಾರು 540 ಮೀಟರ್, ಮೂತಿಯ, ಅಂದರೆ ಹಿಮನದಿ ಕೊನೆಗೊಳ್ಳುವ ತುದಿಯ ಬಳಿ 50ರಿಂದ 60 ಮೀಟರ್ ಎಂಬುದು ಅವರ ಅಂದಾಜು. ಮೂತಿಯ ಬಳಿ ಮಂಜುಗಡ್ಡೆ ವರ್ಷಕ್ಕೆ ಸುಮಾರು 20ರಿಂದ 30 ಮೀಟರ್ ಕೆಳಕ್ಕೆ ಸರಿಯುತ್ತದೆ ಎಂದೂ ಆ ಅಧ್ಯಯನ ತಿಳಿಸುತ್ತದೆ. ಈ ಅಂಕಿಗಳನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಳ್ಳಿ, ಗೋಮುಖದಲ್ಲಿ ಅವು ಬೇಕಾಗುತ್ತವೆ.

ಝಾಲಾದಿಂದ ಗಂಗೋತ್ರಿಯವರೆಗೆ: ಬಸ್ಸಿನ ಕಿಟಕಿಯಿಂದಲೇ

ಹಿಮನದಿಯ ಕೆಲಸವನ್ನು ನೋಡುವುದು ಗಂಗೋತ್ರಿಯಲ್ಲಲ್ಲ, ಅದಕ್ಕೂ ಮುಂಚೆ, ಉತ್ತರಕಾಶಿಯಿಂದ ಬರುವ ರಸ್ತೆಯಲ್ಲಿ ಝಾಲಾ ಎಂಬ ಊರು ಬಂದಾಗಲೇ ಆರಂಭವಾಗಬೇಕು. ಸುಮಾರು 60,000 ವರ್ಷಗಳ ಹಿಂದಿನ ಶೀತಯುಗದಲ್ಲಿ ಗಂಗೋತ್ರಿ ಹಿಮನದಿ ಇಂದಿನ ಮೂತಿಯಿಂದ 40 ಕಿಲೋಮೀಟರ್ ಕೆಳಗೆ, ಝಾಲಾದವರೆಗೆ ಚಾಚಿಕೊಂಡಿತ್ತೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಝಾಲಾಕ್ಕಿಂತ ಕೆಳಗೆ ಕಣಿವೆ ಇಕ್ಕಟ್ಟಾಗಿ, ಎರಡೂ ಬದಿಯ ಇಳಿಜಾರುಗಳು ನದಿಯ ಪಾತ್ರದಲ್ಲೇ ಬಂದು ಕೂಡುತ್ತವೆ. ನೀರು ಕೊರೆದ ಕಣಿವೆಯ ‘ವಿ’ ಆಕಾರ ಇದು. ಝಾಲಾ ದಾಟಿದೊಡನೆ ಕಣಿವೆ ತೆರೆದುಕೊಂಡು, ಹರ್ಸಿಲ್ ಸುತ್ತಮುತ್ತ ತಳ ಸಮತಟ್ಟಾಗಿ ಹರಡಿಕೊಳ್ಳುತ್ತದೆ. ಹಿಮನದಿ ಕಣಿವೆಯ ತಳವನ್ನು ಮಾತ್ರವಲ್ಲದೆ ಎರಡೂ ಪಕ್ಕಗಳನ್ನೂ ಏಕಕಾಲಕ್ಕೆ ಸವೆಸುವುದರಿಂದ ಅಗಲವಾದ ತೊಟ್ಟಿ ಉಳಿಯುತ್ತದೆ, ಹಿಮನದಿ ಹಿಂದೆ ಸರಿದ ಮೇಲೆ ಆ ತೊಟ್ಟಿಯಲ್ಲಿ ನದಿ ತಂದ ಕಲ್ಲು ಮರಳು ತುಂಬಿಕೊಂಡು ತಳ ಹಾಸಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಕ್ಕದ ಹಳ್ಳಗಳು ಈ ಸಮತಟ್ಟಾದ ತಳಕ್ಕೆ ಇಳಿಯುವಲ್ಲಿ ಬೀಸಣಿಗೆಯ ಆಕಾರದ ಕಲ್ಲುರಾಶಿಗಳು ಕಾಣುತ್ತವೆ, ಊರುಗಳೂ ಹೆಚ್ಚಾಗಿ ಅವುಗಳ ಮೇಲೆಯೇ ಇವೆ. ಇವು ಹಿಮನದಿಯ ಮೊರೇನುಗಳಲ್ಲ, ಹಳ್ಳಗಳು ಪ್ರವಾಹದಲ್ಲಿ ಹೊತ್ತು ತಂದು ಹರಡಿದ ರಾಶಿಗಳು. 2025ರ ಆಗಸ್ಟ್ 5ರಂದು ಖೀರ್ ಗಾಡ್ ಎಂಬ ಹಳ್ಳದಲ್ಲಿ ಬಂದ ಕೆಸರು ಮತ್ತು ಕಲ್ಲಿನ ಪ್ರವಾಹ ಧರಾಲಿಯ ಮನೆಗಳನ್ನೂ ಹೋಟೆಲುಗಳನ್ನೂ ಹೂತುಹಾಕಿದ್ದು ಇಂಥದೇ ರಾಶಿಯ ಮೇಲೆ. ಎತ್ತರದ ಕಣಿವೆಗಳಲ್ಲಿ ಹಿಮನದಿಗಳು ಬಿಟ್ಟುಹೋದ ಸಡಿಲ ಕಲ್ಲುಮಣ್ಣು ಅಪಾರವಾಗಿರುವ ತನಕ ಇಂಥ ಹಳ್ಳಗಳಿಗೆ ಹೊತ್ತು ತರಲು ಸರಕು ಇದ್ದೇ ಇರುತ್ತದೆ. ಹಿಮನದಿಯ ನೆಲರೂಪಗಳನ್ನು ತಿಳಿದುಕೊಳ್ಳುವುದು ನೋಟದ ಸಂತೋಷಕ್ಕಷ್ಟೇ ಅಲ್ಲ, ಬೆಟ್ಟದ ಊರುಗಳಲ್ಲಿ ಎಲ್ಲಿ ಮನೆ ಕಟ್ಟಬಾರದು ಎಂಬ ಪ್ರಶ್ನೆಗೂ ಅದು ಸಂಬಂಧಿಸಿದ್ದು ಎಂದು ನಾನು ಬಲವಾಗಿ ನಂಬುತ್ತೇನೆ.

ಮುಂದೆ ಭೈರೋಂಘಾಟಿಯ ಸೇತುವೆಯ ಬಳಿ ಇಳಿದು ಕೆಳಗೆ ನೋಡಿದರೆ, ಜಾಡ್ ಗಂಗಾ ಕಡಿದಾದ ಕಂದರದ ತಳದಲ್ಲಿ ಹರಿಯುತ್ತಿರುತ್ತದೆ. ಹಿಮನದಿಯ ಕಣಿವೆಯಲ್ಲಿ ಇಷ್ಟು ಇಕ್ಕಟ್ಟಾದ ಕಂದರ ಹೇಗೆ ಬಂತು ಎಂಬ ಅನುಮಾನ ಸಹಜ. ತಲೆಯೆತ್ತಿ ಮೇಲಿನ ಬೆಟ್ಟಗಳನ್ನು ನೋಡಿದಾಗ ಉತ್ತರ ಸಿಗುತ್ತದೆ: ಮೇಲೆ ಅಗಲವಾದ ಕಣಿವೆ, ಅದರ ತಳದಲ್ಲಿ ನೀರು ಕೊರೆದ ಸೀಳು. ಮೊದಲನೆಯದು ಮಂಜುಗಡ್ಡೆಯ ಕೆಲಸ, ಎರಡನೆಯದು ನೀರಿನದು. ಗಂಗೋತ್ರಿ ದೇವಾಲಯದಿಂದ ಸ್ವಲ್ಪ ಕೆಳಗಿರುವ ಸೂರ್ಯಕುಂಡದಲ್ಲೂ ಭಾಗೀರಥಿ ಗ್ರಾನೈಟನ್ನು ಹೀಗೆಯೇ ಕೊರೆದಿದೆ. ಅಲ್ಲಿನ ನುಣುಪಾದ ಬಂಡೆಗಳನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ನೀರು ಉಜ್ಜಿದ ಬಂಡೆಯಲ್ಲಿ ಗುಂಡಗಿನ ಕುಳಿಗಳೂ ಬಳುಕುವ ಏರಿಳಿತಗಳೂ ಇರುತ್ತವೆ, ನೇರವಾದ ಗೀರುಗಳಿರುವುದಿಲ್ಲ. ಈ ವ್ಯತ್ಯಾಸ ಮುಂದಿನ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆ.

ಗಂಗೋತ್ರಿಯಿಂದ ಚೀರಬಾಸಾದವರೆಗೆ: ಕೊರೆತದ ಗುರುತುಗಳು

ಬೆಳಿಗ್ಗೆ ಬೇಗ ಹೊರಡುವುದಕ್ಕೆ ಎರಡು ಕಾರಣಗಳಿವೆ. ಹಿಮನದಿಯಿಂದ ಹೊರಡುವ ಹಳ್ಳಗಳಲ್ಲಿ ರಾತ್ರಿಯ ಚಳಿಗೆ ನೀರು ತಗ್ಗಿ, ಮಧ್ಯಾಹ್ನದ ಬಿಸಿಲಿಗೆ ಏರುತ್ತದೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದಾದ ಹಳ್ಳ ಸಂಜೆಗೆ ಮೊಣಕಾಲು ಮುಳುಗಿಸಬಹುದು. ಎರಡನೆಯದಾಗಿ, ಬಂಡೆಯ ಮೇಲಿನ ಗೀರುಗಳು ಓರೆಯಾಗಿ ಬೀಳುವ ಬೆಳಕಿನಲ್ಲಿ ಮಾತ್ರ ಎದ್ದು ಕಾಣುತ್ತವೆ, ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದೇ ಬಂಡೆ ಖಾಲಿ ಕಾಣುತ್ತದೆ.

ಹಿಮನದಿ ಬಂಡೆಯನ್ನು ಎರಡು ರೀತಿಯಲ್ಲಿ ಸವೆಸುತ್ತದೆ. ತಳದ ಮಂಜುಗಡ್ಡೆಯಲ್ಲಿ ಹುದುಗಿರುವ ಕಲ್ಲುಗಳು ಕೆಳಗಿನ ಬಂಡೆಯನ್ನು ಉಜ್ಜಿ ನುಣುಪು ಮಾಡುತ್ತ ಗೀರುಗಳನ್ನು ಎಳೆಯುವುದು ಒಂದು. ಬಂಡೆಯ ಸೀಳುಗಳಲ್ಲಿ ನೀರು ಹೊಕ್ಕು ಹೆಪ್ಪುಗಟ್ಟಿ, ಮುಂದೆ ಸರಿಯುವ ಮಂಜುಗಡ್ಡೆ ಆ ತುಂಡುಗಳನ್ನು ಕಿತ್ತುಕೊಂಡು ಹೋಗುವುದು ಇನ್ನೊಂದು. ಎರಡೂ ಒಂದೇ ಬಂಡೆಯಲ್ಲಿ ನಡೆದಾಗ ಹಿಮನದಿ ಬಂದ ದಿಕ್ಕಿನ ಬದಿ ನುಣುಪಾಗಿ ಇಳಿಜಾರಾಗಿಯೂ ಹೋದ ದಿಕ್ಕಿನ ಬದಿ ಒರಟಾಗಿ ಮೆಟ್ಟಿಲು ಮೆಟ್ಟಿಲಾಗಿಯೂ ಉಳಿಯುತ್ತದೆ. ಕಣಿವೆಯ ತಳದಿಂದ ಮೇಲೆದ್ದ ಬಂಡೆಗುಡ್ಡಗಳನ್ನು ಕಂಡಾಗ ಎರಡೂ ಬದಿಗೆ ಸುತ್ತಿ ನೋಡಿದರೆ, ನೆಲದಲ್ಲಿ ಮಂಜುಗಡ್ಡೆಯ ಒಂದು ಚೂರೂ ಇಲ್ಲದಿದ್ದಾಗಲೂ ಅದು ಯಾವ ದಿಕ್ಕಿನಲ್ಲಿ ಸಾಗಿತ್ತೆಂದು ಹೇಳಬಹುದು.

ಗೀರುಗಳನ್ನು ಹುಡುಕುವ ವಿಧಾನ ಹೀಗಿದೆ. ಮೇಲಿನಿಂದ ಉರುಳಿ ಬಂದ ಬಿಡಿಗಲ್ಲನ್ನಲ್ಲ, ನೆಲಕ್ಕೆ ಅಂಟಿಕೊಂಡಿರುವ ಮೂಲಬಂಡೆಯನ್ನು ಆರಿಸಿಕೊಳ್ಳಿ. ಅದರ ನುಣುಪಾದ ಮೇಲ್ಮೈಗೆ ಸ್ವಲ್ಪ ನೀರು ಸುರಿದು, ತಲೆಯನ್ನು ಬಂಡೆಯ ಮಟ್ಟಕ್ಕೆ ತಂದು, ಸೂರ್ಯನಿಗೆ ಎದುರಾಗಿ ನೋಡಿ. ಹಿಮನದಿಯ ಗೀರುಗಳಾದರೆ ಕೂದಲೆಳೆಯಿಂದ ಬೆರಳಿನಗಲದವರೆಗೆ ಬೇರೆ ಬೇರೆ ದಪ್ಪದ, ಹೆಚ್ಚುಕಡಿಮೆ ಒಂದೇ ದಿಕ್ಕಿನ ಗೆರೆಗಳು ಕಾಣುತ್ತವೆ. ದಿಕ್ಸೂಚಿ ಹಿಡಿದು ಆ ದಿಕ್ಕನ್ನು ಬರೆದುಕೊಂಡು, ಕಣಿವೆಯ ದಿಕ್ಕಿಗೆ ಅದು ಹೊಂದುತ್ತದೆಯೇ ಎಂದು ನೋಡಿ. ಗೆರೆಗಳು ಬಂಡೆಯ ಒಳಗೂ ಮುಂದುವರಿದಿದ್ದರೆ ಅವು ಬಂಡೆಯದೇ ಪದರಗಳು ಅಥವಾ ಸೀಳುಗಳು, ಹಿಮನದಿಯ ಗೀರುಗಳಲ್ಲ. ಹಿಮನದಿಯ ಗೀರು ಮೇಲ್ಮೈಯಲ್ಲಿ ಮಾತ್ರ ಇರುತ್ತದೆ. ಗ್ರಾನೈಟ್ ಬಿಸಿಲು ಚಳಿಗಳಿಗೆ ಪದರುದುರುವ ಕಲ್ಲಾದ್ದರಿಂದ ಬಹಳ ಕಾಲ ತೆರೆದಿದ್ದ ಬಂಡೆಗಳಲ್ಲಿ ಗೀರುಗಳು ಅಳಿಸಿಹೋಗಿರುತ್ತವೆ. ಈಚೆಗೆ ಮಣ್ಣು ಜರಿದು ಹೊರಬಂದ ಬಂಡೆಗಳಲ್ಲಿ ಸಿಗುವ ಸಂಭವ ಹೆಚ್ಚು.

ದಾರಿಯ ಎದುರು ದಂಡೆಯ ಗೋಡೆಗಳತ್ತಲೂ ಗಮನವಿರಲಿ. ಪಕ್ಕದ ಕಣಿವೆಯೊಂದು ಮುಖ್ಯ ಕಣಿವೆಯ ತಳಕ್ಕೆ ಇಳಿಯದೆ, ಗೋಡೆಯ ನಡು ಎತ್ತರದಲ್ಲೇ ಬಾಯಿ ತೆರೆದು ನಿಂತು, ಅಲ್ಲಿಂದ ಹಳ್ಳ ಜಲಪಾತವಾಗಿ ಬೀಳುತ್ತಿದ್ದರೆ ಅದು ತೂಗು ಕಣಿವೆ. ದೊಡ್ಡ ಹಿಮನದಿ ಮುಖ್ಯ ಕಣಿವೆಯನ್ನು ಆಳಕ್ಕೆ ಕೊರೆಯಿತು, ಪಕ್ಕದ ಚಿಕ್ಕ ಹಿಮನದಿಗೆ ಅಷ್ಟು ಆಳಕ್ಕೆ ಕೊರೆಯುವ ಬಲವಿರಲಿಲ್ಲ, ಮಂಜುಗಡ್ಡೆ ಇದ್ದಾಗ ಎರಡರ ಮೇಲ್ಮೈ ಒಂದೇ ಮಟ್ಟದಲ್ಲಿತ್ತು, ಕರಗಿದ ಮೇಲೆ ತಳದ ವ್ಯತ್ಯಾಸ ಬಯಲಾಯಿತು. ಇಳಿಜಾರುಗಳ ಬುಡದಲ್ಲಿ ಚೂಪಂಚಿನ ಕಲ್ಲುಗಳ ರಾಶಿ ಕಾಣುವುದು ಮೇಲಿನ ಬಂಡೆ ಬಿರಿದು ಉದುರಿದ್ದರಿಂದ. ಅದರಲ್ಲಿ ಒಂದೇ ಜಾತಿಯ ಕಲ್ಲಿರುತ್ತದೆ, ಮಣ್ಣು ಕಡಿಮೆ.

ಭೋಜಬಾಸಾ: ಮೊರೇನುಗಳ ನಡುವೆ

ಚೀರಬಾಸಾದ ಪೈನ್ ಮರಗಳನ್ನು ದಾಟಿ ಭೋಜಬಾಸಾ ತಲುಪಿದಾಗ ಕಣಿವೆ ಬೋಳಾಗುತ್ತದೆ. ಈ ಮಾರ್ಗದರ್ಶಿಯಲ್ಲಿ ನಾನು ಅತಿ ಹೆಚ್ಚು ಸಮಯ ಕೊಡಿ ಎಂದು ಹೇಳುವ ಜಾಗ ಇದು, ಗೋಮುಖವಲ್ಲ. ಸಾಧ್ಯವಾದರೆ ಇಲ್ಲಿ ಎರಡು ರಾತ್ರಿ ಉಳಿದು, ನಡುವಿನ ಹಗಲನ್ನು ಪೂರ್ತಿ ಮೊರೇನುಗಳಿಗೇ ಮೀಸಲಿಡಿ.

ಹಿಮನದಿ ಹೊತ್ತು ತಂದು ಬಿಟ್ಟ ಕಲ್ಲುಮಣ್ಣಿನ ರಾಶಿಯೇ ಮೊರೇನ್. ಅದನ್ನು ಗುರುತಿಸಲು ಹಳ್ಳವೊಂದು ದಿಬ್ಬವನ್ನು ಸೀಳಿ ಒಳಭಾಗ ತೆರೆದಿರುವ ಜಾಗವನ್ನು ಹುಡುಕಿ, ಸುರಕ್ಷಿತ ದೂರದಲ್ಲಿ ನಿಂತು ಪರೀಕ್ಷಿಸಬೇಕು. ಕೋಣೆಯಷ್ಟು ದೊಡ್ಡ ಬಂಡೆಯ ಪಕ್ಕದಲ್ಲೇ ಮುಷ್ಟಿಯಷ್ಟು ಕಲ್ಲು, ಅದರ ಸುತ್ತ ಮರಳು, ಮರಳಿನ ನಡುವೆ ಹಿಟ್ಟಿನಂಥ ಬೂದುಮಣ್ಣು, ಇವೆಲ್ಲ ಯಾವ ಪದರವೂ ಇಲ್ಲದೆ ಬೆರೆತಿದ್ದರೆ ಅದು ಹಿಮನದಿಯ ರಾಶಿ. ನೀರು ತಾನು ಹೊರಬಲ್ಲುದನ್ನು ಮಾತ್ರ ಹೊತ್ತು, ವೇಗ ತಗ್ಗಿದಂತೆ ದೊಡ್ಡದನ್ನು ಮೊದಲು ಸಣ್ಣದನ್ನು ಆಮೇಲೆ ಬಿಡುವುದರಿಂದ ನದಿಯ ರಾಶಿಯಲ್ಲಿ ಗಾತ್ರದ ವಿಂಗಡಣೆಯೂ ಪದರಗಳೂ ಇರುತ್ತವೆ, ಕಲ್ಲುಗಳು ಗುಂಡಗಿರುತ್ತವೆ. ಮಂಜುಗಡ್ಡೆಗೆ ಆ ಭೇದವಿಲ್ಲ, ಬಂಡೆಯನ್ನೂ ಧೂಳನ್ನೂ ಅದು ಒಂದೇ ವೇಗದಲ್ಲಿ ತಂದು ಕರಗಿದಲ್ಲಿ ಬಿಡುತ್ತದೆ. ಕಲ್ಲುಗಳ ಅಂಚನ್ನೂ ನೋಡಿ: ಹಿಮನದಿಯ ಬೆನ್ನಿನ ಮೇಲೆ ಸವಾರಿ ಮಾಡಿ ಬಂದವು ಚೂಪಾಗಿಯೇ ಉಳಿದಿರುತ್ತವೆ, ತಳದಲ್ಲಿ ಉಜ್ಜಿಸಿಕೊಂಡು ಬಂದವುಗಳಲ್ಲಿ ಒಂದೆರಡು ಮುಖಗಳು ಚಪ್ಪಟೆಯಾಗಿ ಗೀರುಬಿದ್ದಿರುತ್ತವೆ.

ಮುಂದಿನ ಹೆಜ್ಜೆ, ಕಲ್ಲುಗಳ ಜಾತಿಯನ್ನು ನೋಡುವುದು. ಈ ಭಾಗದ ಗ್ರಾನೈಟ್ ತಿಳಿಬಣ್ಣದ್ದು; ಅದರಲ್ಲಿ ಟೂರ್ಮಲಿನ್ ಎಂಬ ಖನಿಜದ ಕಪ್ಪು ಕಡ್ಡಿಗಳು ಚುಕ್ಕೆಚುಕ್ಕೆಯಾಗಿ ಹರಡಿಕೊಂಡಿರುವುದನ್ನು ಭೂತಗನ್ನಡಿಯಲ್ಲಿ ನೋಡಿದರೆ ಉದ್ದುದ್ದ ಗೆರೆಗಳಿರುವ ಅವುಗಳ ಮೈಯೂ ಹೊಳಪೂ ಕಾಣುತ್ತವೆ. ಅದೇ ರಾಶಿಯಲ್ಲಿ ಪದರಪದರವಾಗಿ ಸೀಳುವ ಕಪ್ಪುಕಲ್ಲಿನ ಚೂರುಗಳೂ ಸಿಗುತ್ತವೆ. ಈಗ ತಲೆಯೆತ್ತಿ ಭಾಗೀರಥಿ ಶಿಖರಗಳನ್ನು ನೋಡಿ. 6,454 ಮೀಟರ್ ಎತ್ತರದ ಮೂರನೆಯ ಭಾಗೀರಥಿಯ ಗೋಡೆ ತಿಳಿಬಣ್ಣದ ಗ್ರಾನೈಟಿನದು, ಅದರ ನೆತ್ತಿಯ ಮೇಲೆ ಕಪ್ಪುಕಲ್ಲಿನ ಟೋಪಿ ಇರುವುದು ದೂರದಿಂದಲೇ ಕಾಣುತ್ತದೆ. ನಿಮ್ಮ ಕಾಲ ಬಳಿಯ ಎರಡು ಬಗೆಯ ಕಲ್ಲುಗಳೂ ಅಂಥ ಗೋಡೆಗಳಿಂದಲೇ ಕೆಳಗಿನ ಹಿಮನದಿಗೆ ಬಿದ್ದು, ಅದರ ಮೇಲೆ ಕುಳಿತು ಇಲ್ಲಿಯವರೆಗೆ ಬಂದವು. ಒಂದು ಕಲ್ಲಿನ ಊರನ್ನು ಹೀಗೆ ಕಣ್ಣಳತೆಯಲ್ಲೇ ಪತ್ತೆಹಚ್ಚಬಹುದಾದುದು ಈ ಕಣಿವೆಯ ಭಾಗ್ಯ.

ಮೊರೇನುಗಳ ವಯಸ್ಸನ್ನು ಒಂದಕ್ಕೊಂದು ಹೋಲಿಸಿ ಅಂದಾಜು ಮಾಡುವುದನ್ನೂ ಇಲ್ಲೇ ಕಲಿಯಬಹುದು. ಹಿಮನದಿಯ ಮೂತಿ ಒಂದೇ ಕಡೆ ಬಹುಕಾಲ ನಿಂತಾಗ ಅದರ ಮುಂದೆ ಕಣಿವೆಗೆ ಅಡ್ಡಲಾಗಿ ಬೀಳುವ ಬಾಗಿದ ದಿಬ್ಬ ಅಂತ್ಯ ಮೊರೇನ್. ಎರಡೂ ಪಕ್ಕದಲ್ಲಿ ಕಣಿವೆಯ ಉದ್ದಕ್ಕೆ ಬೀಳುವ ಏರಿಗಳು ಪಾರ್ಶ್ವ ಮೊರೇನ್. ಭೋಜಬಾಸಾದ ಸುತ್ತಲಿನ ದಿಬ್ಬಗಳು ಕಳೆದ ಎರಡು ಮೂರು ಶತಮಾನಗಳ ಹಿಂದೆ, ಲೋಕದ ಅನೇಕ ಕಡೆ ಹಿಮನದಿಗಳು ಸ್ವಲ್ಪ ಮುಂದೆ ಬಂದಿದ್ದ ಶೀತದ ಕಾಲಕ್ಕೆ ಸೇರಿದವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹಳೆಯ ದಿಬ್ಬಗಳ ಕಲ್ಲಿನ ಮೇಲೆ ಕಲ್ಲುಹೂವು ಹಬ್ಬಿರುತ್ತದೆ, ಹುಲ್ಲು ಬೇರೂರಿರುತ್ತದೆ, ಕೆಲವೆಡೆ ಭೋಜಪತ್ರದ ಮರಗಳೂ ಎದ್ದಿರುತ್ತವೆ, ದಿಬ್ಬದ ನೆತ್ತಿ ದುಂಡಗಾಗಿರುತ್ತದೆ. ಹೊಸ ದಿಬ್ಬಗಳ ನೆತ್ತಿ ಚೂಪು, ಕಲ್ಲುಗಳು ಬರಿಮೈ, ಕಾಲಿಟ್ಟರೆ ಜರಿಯುವಷ್ಟು ಸಡಿಲ. ಗೋಮುಖದತ್ತ ನಡೆಯುತ್ತ ಕಲ್ಲುಹೂವಿನ ತೇಪೆಗಳು ಎಲ್ಲಿಂದ ಚಿಕ್ಕದಾಗತೊಡಗಿದವು, ಎಲ್ಲಿ ಪೂರ್ತಿ ಇಲ್ಲವಾದವು ಎಂದು ಬರೆದುಕೊಳ್ಳಿ. ಹಿಮನದಿ ಆ ಜಾಗಗಳನ್ನು ಬಿಟ್ಟುಹೋದ ಕ್ರಮವೇ ಅದು.

ಪಾರ್ಶ್ವ ಮೊರೇನಿನ ಒಳಗೋಡೆಯನ್ನು ನೋಡುವಾಗ ಅದರ ಎತ್ತರಕ್ಕೆ ವಿಶೇಷ ಗಮನ ಕೊಡಬೇಕು. ಏರಿಯ ನೆತ್ತಿ ಹಿಮನದಿಯ ಹಳೆಯ ಮೇಲ್ಮೈ ಎಲ್ಲಿಯವರೆಗಿತ್ತು ಎಂಬುದರ ಗುರುತು. ಈಗಿನ ಮೇಲ್ಮೈ ಅದಕ್ಕಿಂತ ಎಷ್ಟೋ ಕೆಳಗಿದೆ. ಹಿಮನದಿ ಉದ್ದದಲ್ಲಿ ಮಾತ್ರವಲ್ಲ, ದಪ್ಪದಲ್ಲೂ ಕುಗ್ಗಿದೆ ಎಂಬುದನ್ನು ಯಾವ ಅಂಕಿಅಂಶವೂ ಇಲ್ಲದೆ ಈ ಗೋಡೆ ತೋರಿಸುತ್ತದೆ, ಮೂತಿಯ ಹಿಂಜರಿತದಷ್ಟೇ ಮಹತ್ವದ ಈ ವಿಷಯ ಸುದ್ದಿಯಲ್ಲಿ ಬರುವುದು ಅಪರೂಪ. ಒರಗಲು ಮಂಜುಗಡ್ಡೆ ಇಲ್ಲದ ಈ ಒಳಗೋಡೆಗಳು ಸದಾ ಕುಸಿಯುತ್ತಿರುತ್ತವೆ. ಇಂಥ ಸಡಿಲ ಏರಿಗಳು ನೀರಿಗೆ ಅಣೆಕಟ್ಟಾದಾಗ ಏನಾಗುತ್ತದೆಂಬುದಕ್ಕೆ ಕೇದಾರನಾಥವೇ ಸಾಕ್ಷಿ: 2013ರ ಜೂನ್ 17ರ ಬೆಳಿಗ್ಗೆ ಚೋರಾಬಾರಿ ಸರೋವರದ ಮೊರೇನ್ ಕಟ್ಟೆ ಒಡೆದು ನೀರು ಊರಿನ ಮೇಲೆ ನುಗ್ಗಿತು. 2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲೋನಕ್ ಸರೋವರ ಉಕ್ಕಿ ಒಡೆದಾಗಲೂ ಪಾರ್ಶ್ವ ಮೊರೇನಿನ ದೊಡ್ಡ ಭಾಗವೊಂದು ನೀರಿಗೆ ಜರಿದುಬಿದ್ದಿತ್ತು. ಒಳಗೋಡೆಯ ಬುಡದಲ್ಲಿ ನಿಲ್ಲಬೇಡಿ, ನೆತ್ತಿಯ ಅಂಚಿಗೂ ಹೋಗಬೇಡಿ.

ನದಿಯ ನೀರಿನ ಪರೀಕ್ಷೆ ಸರಳವಾದರೂ ಬಹಳ ತಿಳಿಸುತ್ತದೆ. ಪಾರದರ್ಶಕ ಶೀಸೆಯಲ್ಲಿ ಭಾಗೀರಥಿಯ ನೀರನ್ನು ತುಂಬಿ ಕದಲದಂತೆ ಇಡಿ. ಮರಳು ಕೆಲವೇ ನಿಮಿಷಗಳಲ್ಲಿ ತಳ ಸೇರುತ್ತದೆ, ಆದರೆ ನೀರು ಗಂಟೆಗಟ್ಟಲೆ ಬೂದುಬಣ್ಣದಲ್ಲೇ ಇರುತ್ತದೆ. ಬಂಡೆ ಬಂಡೆಯನ್ನು ಅರೆದಾಗ ಹುಟ್ಟುವ, ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ನುಣ್ಣಗಿನ ಪುಡಿ ಅದರಲ್ಲಿ ತೇಲುತ್ತಿರುವುದೇ ಇದಕ್ಕೆ ಕಾರಣ. ಮರುದಿನ ಬೆಳಿಗ್ಗೆ ತಳದಲ್ಲಿ ಕೂತ ಕೆಸರನ್ನು ಬೆರಳುಗಳ ನಡುವೆ ಉಜ್ಜಿ ನೋಡಿ. ನೀವು ನಿಂತ ಕ್ಷಣದಲ್ಲೂ ಮೇಲೆ ಹಿಮನದಿಯ ಅಡಿಯಲ್ಲಿ ಅರೆಯುವ ಕೆಲಸ ನಡೆದೇ ಇದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಸಿಗಲಾರದು.

ಗೋಮುಖ: ಮೂತಿಯ ಎದುರು

ಭೋಜಬಾಸಾದಿಂದ ಗೋಮುಖಕ್ಕೆ ಸುಮಾರು ನಾಲ್ಕು ಕಿಲೋಮೀಟರ್. ಅರಣ್ಯ ಇಲಾಖೆ ನಿಲ್ಲಬೇಕೆಂದು ಗುರುತು ಹಾಕಿದ ಜಾಗವನ್ನು ಮೀರಿ ಹೋಗಬಾರದು. ಮೂತಿಯಿಂದ ಮಂಜುಗಡ್ಡೆಯ ಭಾರಿ ತುಂಡುಗಳು ಮುನ್ಸೂಚನೆಯಿಲ್ಲದೆ ಕಳಚಿ ಬೀಳುತ್ತವೆ, 2016ರ ಜುಲೈನಲ್ಲಿ ಮೂತಿಯ ದೊಡ್ಡ ಭಾಗವೇ ಕುಸಿದಿತ್ತು. ಸಾಮಾನ್ಯ ಬೈನಾಕ್ಯುಲರ್ ಇದ್ದರೆ ದೂರದಿಂದಲೇ ಎಲ್ಲವೂ ಕಾಣುತ್ತದೆ.

ಮೊದಲ ಬಾರಿ ಬಂದವರಿಗೆ ಹಿಮನದಿ ಎಲ್ಲಿದೆ ಎಂದೇ ತಿಳಿಯದಿರಬಹುದು, ಏಕೆಂದರೆ ಎದುರಿಗೆ ಕಾಣುವುದು ಕಲ್ಲಿನ ಗುಡ್ಡ. ಆ ಕಲ್ಲುಗುಡ್ಡವೇ ಹಿಮನದಿ. ಅಡಿಯಲ್ಲಿ ಮಂಜುಗಡ್ಡೆ ಇದೆ, ಮೇಲೆ ಬರಿಯ ಕಲ್ಲಿನ ಹೊದಿಕೆ. ಗೋಡೆ ಕಳಚಿಕೊಂಡಲ್ಲಿ ಮಾತ್ರ ಒಳಗಿನ ಮಂಜುಗಡ್ಡೆ ಹೊರಗೆ ಕಾಣುತ್ತದೆ. ಹೊದಿಕೆಯ ದಪ್ಪಕ್ಕೆ ತಕ್ಕಂತೆ ಕರಗುವ ಬಗೆ ಬದಲಾಗುವುದು ಗಮನಾರ್ಹ. ತೆಳುವಾದ ಧೂಳು ಬಿಸಿಲನ್ನು ಹೀರಿ ಅಡಿಯ ಮಂಜುಗಡ್ಡೆಯನ್ನು ಬೇಗ ಕರಗಿಸುತ್ತದೆ. ಹೊದಿಕೆ ಕೆಲವು ಸೆಂಟಿಮೀಟರಿಗಿಂತ ದಪ್ಪವಾದರೆ ಬಿಸಿ ಒಳಗಿಳಿಯದೆ ಕರಗುವಿಕೆ ನಿಧಾನವಾಗುತ್ತದೆ. ಹಿಮನದಿಯ ಮೇಲ್ಮೈ ಸಮತಟ್ಟಾಗಿರದೆ ಗುಂಡಿ ದಿಬ್ಬಗಳಿಂದ ತುಂಬಿರುವುದೂ, ಅಲ್ಲಲ್ಲಿ ಮಂಜುಗಡ್ಡೆಯ ಚಿಕ್ಕ ಕಡಿದಾದ ಗೋಡೆಗಳೂ ಹಸಿರು ನೀರಿನ ಹೊಂಡಗಳೂ ಇರುವುದೂ ಈ ಅಸಮ ಕರಗುವಿಕೆಯಿಂದ. ಅಗಲವಾದ ಬಂಡೆಯೊಂದು ತನ್ನ ಅಡಿಯ ಮಂಜುಗಡ್ಡೆಗೆ ನೆರಳಾಗಿ, ಸುತ್ತಲಿನದೆಲ್ಲ ಕರಗಿದ ಮೇಲೆ ಮಂಜುಗಡ್ಡೆಯ ಕಂಬದ ಮೇಲೆ ಏಕಾಂಗಿಯಾಗಿ ನಿಂತಿರುವ ದೃಶ್ಯವೂ ಹಿಮನದಿಗಳ ಮೇಲೆ ಕಾಣಸಿಗುತ್ತದೆ.

ಗೋಡೆಯನ್ನು ನೋಡುವಾಗ ಮಣ್ಣು ಬೆರೆತ ಕಪ್ಪು ಪಟ್ಟಿಗಳನ್ನೂ ನೀಲಿಛಾಯೆಯ ಭಾಗಗಳನ್ನೂ ಬೇರೆಬೇರೆಯಾಗಿ ಗುರುತಿಸಿ. ಗಾಳಿಗುಳ್ಳೆಗಳು ಹಿಂಡಿಹೋದ ದಟ್ಟ ಮಂಜುಗಡ್ಡೆ ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುವುದರಿಂದ ನೀಲಿಯಾಗಿ ಕಾಣುತ್ತದೆ. ನೀರು ಹೊರಬರುವ ಗುಹೆಯ ಮೇಲೆ ಕಮಾನಿನಂತೆ ಬಾಗಿದ ಬಿರುಕುಗಳಿದ್ದರೆ ಮುಂದಿನ ಕುಸಿತ ಅಲ್ಲಿಯೇ ಆಗುವ ಸಂಭವ ಹೆಚ್ಚು.

ಟಿಪ್ಪಣಿ ಪುಸ್ತಕದ ಮೊದಲ ಪುಟವನ್ನು ಈಗ ತೆರೆಯಿರಿ. 1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ. ಬಿ. ಆಡೆನ್ ಅವರು ಈ ಮೂತಿಯ ನಕ್ಷೆ ತಯಾರಿಸಿದರು. ಅಲ್ಲಿಂದ ಈಚೆಗೆ ಮೂತಿ ವರ್ಷಕ್ಕೆ ಸರಾಸರಿ ಸುಮಾರು 20 ಮೀಟರಿನಂತೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಹಿಮನದಿ ಹಿಂದಕ್ಕೆ ಸರಿಯಿತು ಎಂದಾಗ ಮಂಜುಗಡ್ಡೆ ಹಿಮ್ಮುಖವಾಗಿ ಹರಿಯಿತು ಎಂದು ಭಾವಿಸುವವರಿದ್ದಾರೆ. ಹಾಗೆಂದೂ ಆಗುವುದಿಲ್ಲ. ಮಂಜುಗಡ್ಡೆ ಎಂದಿನಂತೆ ವರ್ಷಕ್ಕೆ 20ರಿಂದ 30 ಮೀಟರ್ ಕೆಳಕ್ಕೆ ಬರುತ್ತಲೇ ಇದೆ, ಬಂದುದಕ್ಕಿಂತ ಹೆಚ್ಚು ತುದಿಯಲ್ಲಿ ಕರಗುತ್ತಿದೆ ಅಷ್ಟೆ. ಮೇಲಿನಿಂದ ಅಷ್ಟು ಮಂಜುಗಡ್ಡೆ ಬಂದೂ ಮೂತಿ 20 ಮೀಟರ್ ಹಿಂದೆ ಹೋಗುತ್ತಿದೆಯೆಂದರೆ, ತುದಿಯಲ್ಲಿ ವರ್ಷಕ್ಕೆ ಸರಿಸುಮಾರು 40ರಿಂದ 50 ಮೀಟರ್ ಉದ್ದದ ಮಂಜುಗಡ್ಡೆ ನೀರಾಗುತ್ತಿದೆ ಎಂದು ಲೆಕ್ಕಕ್ಕೆ ಸಿಗುತ್ತದೆ.

ಮೇಲಿನ ಶಿಖರಗಳು

ಗೋಮುಖದಿಂದಲೇ 6,543 ಮೀಟರ್ ಎತ್ತರದ ಶಿವಲಿಂಗ ಶಿಖರ ಕಾಣುತ್ತದೆ. ಬೆಟ್ಟದ ಮೇಲ್ಭಾಗದಲ್ಲಿ ಹಿಮ ತುಂಬಿದ ತಗ್ಗುಗಳು ಕಾಲಕ್ರಮದಲ್ಲಿ ಹಿಂಗೋಡೆಯನ್ನು ಕೊರೆಯುತ್ತ ಆರಾಮಕುರ್ಚಿಯ ಆಕಾರದ ಸರ್ಕ್‌ಗಳಾಗುತ್ತವೆ. ಎರಡು ಸರ್ಕ್‌ಗಳು ಬೆನ್ನಿಗೆ ಬೆನ್ನು ಕೊರೆದಾಗ ನಡುವೆ ಉಳಿಯುವುದು ಕತ್ತಿಯಂಚಿನ ಏಣು, ಮೂರು ಅಥವಾ ಹೆಚ್ಚು ಕಡೆಯಿಂದ ಕೊರೆದಾಗ ಉಳಿಯುವುದು ಕೊಂಬಿನಂಥ ಶಿಖರ. ಶಿವಲಿಂಗ ಅಂಥದು. ಅದರ ಮೈಯಲ್ಲಿ ನೇತುಬಿದ್ದಿರುವ ಚಿಕ್ಕ ಹಿಮನದಿಗಳನ್ನು ನೋಡಿದರೆ ಈ ಕೆತ್ತನೆ ಇನ್ನೂ ಮುಗಿದಿಲ್ಲವೆಂದು ತಿಳಿಯುತ್ತದೆ. ಗೋಮುಖದಿಂದ ಮೇಲೆ, ಸುಮಾರು 4,400 ಮೀಟರ್ ಎತ್ತರದಲ್ಲಿರುವ ತಪೋವನ ಎಂಬ ಹುಲ್ಲುಗಾವಲಿಗೆ ಹೋಗುವವರಿಗೆ ಪ್ರತ್ಯೇಕ ಅನುಮತಿ ಮತ್ತು ಸ್ಥಳೀಯ ಮಾರ್ಗದರ್ಶಿ ಬೇಕು. ಬಿರುಕುಗಳು ಕಲ್ಲಿನಡಿ ಮರೆಯಾಗಿರುವ ಹಿಮನದಿಯ ಮೇಲೆ ಒಬ್ಬರೇ ಕಾಲಿಡುವುದು ಜೀವಕ್ಕೆ ಅಪಾಯ.

ಕಂಡದ್ದನ್ನು ದಾಖಲಿಸುವ ಕ್ರಮ

ಸಕ್ರಿಯ ಹಿಮನದಿಯ ಮೂತಿ ವರ್ಷದಿಂದ ವರ್ಷಕ್ಕೆ ರೂಪ ಬದಲಿಸುವುದರಿಂದ ಕ್ರಮಬದ್ಧವಾಗಿ ತೆಗೆದ ಒಂದು ಛಾಯಾಚಿತ್ರಕ್ಕೂ ಬೆಲೆಯಿದೆ. ಕದಲದ ಮೂಲಬಂಡೆಯೊಂದರ ಮೇಲೆ ನಿಂತು ಮೂತಿಯ ಚಿತ್ರ ತೆಗೆದು, ಫೋನಿನ ಜಿಪಿಎಸ್ ತೋರಿಸುವ ಅಕ್ಷಾಂಶ ರೇಖಾಂಶ, ದಿನಾಂಕ, ಸಮಯ, ಕ್ಯಾಮೆರಾ ಮುಖಮಾಡಿದ ದಿಕ್ಕು ಇವನ್ನು ಬರೆದಿಡಿ. ಜೂಮ್ ಬಳಸಬೇಡಿ. ಚೌಕಟ್ಟಿನೊಳಗೆ ಹಿನ್ನೆಲೆಯ ಶಿಖರವೊಂದು ಪೂರ್ತಿಯಾಗಿ ಬರಲಿ, ಮುಂದೆ ಬರುವವರು ಅದೇ ಜಾಗವನ್ನು ಪತ್ತೆಹಚ್ಚಲು ಅದೇ ಆಧಾರ. ಮೊರೇನಿನ ಒಳಭಾಗದ, ಗೀರುಬಿದ್ದ ಬಂಡೆಯ ಚಿತ್ರ ತೆಗೆಯುವಾಗ ಅಳತೆಗಾಗಿ ಪೆನ್ಸಿಲನ್ನೋ ದಿಕ್ಸೂಚಿಯನ್ನೋ ಪಕ್ಕದಲ್ಲಿಡಿ. ರಾಷ್ಟ್ರೀಯ ಉದ್ಯಾನವಾದ್ದರಿಂದ ಕಲ್ಲುಗಳನ್ನು ಎತ್ತಿಕೊಂಡು ಬರುವಂತಿಲ್ಲ, ಅವುಗಳನ್ನು ನೋಡಿ ಬರೆದುಕೊಂಡು ಇದ್ದಲ್ಲಿಯೇ ಬಿಡಿ. ಮನೆಗೆ ಮರಳಿದ ಮೇಲೆ ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ, ನೀವು ನಿಂತ ಬಂಡೆಯ ಜಾಗ ಯಾವ ವರ್ಷದವರೆಗೆ ಮಂಜುಗಡ್ಡೆಯ ಅಡಿಯಲ್ಲಿತ್ತೆಂದು ಹುಡುಕಿ, ಆ ವರ್ಷವನ್ನೂ ಚಿತ್ರದ ಹೆಸರಿನಲ್ಲೇ ಸೇರಿಸಿಡಿ.